ಅರ್ತ್ ಆಗದ ಗಾಡಿ, ಅರ್ಥ ಆಗದ ನಾನು

ನಮ್ಮ ಫೋರ್ ವೀಲ್ ಡ್ರೈವ್ ಗಾಡಿಗೆ ಮೂವತ್ತು ವರ್ಷ ದಾಟಿದೆ. ಕೆಸರಿಗೆ ಇಳಿಸಿದರೆ ಎಮ್ಮೆಯಷ್ಟೇ ಖುಷಿಪಡುತ್ತದೆ. ಕಲ್ಲು, ಹಳ್ಳ, ಏರು, ಯಾವುದಕ್ಕೂ ಜಗ್ಗುವುದಿಲ್ಲ. ಅದಕ್ಕೆ ಆಗದೇ ಇರುವುದು ಒಂದೇ, ಕತ್ತಲೆ. ಸಂಜೆ ಹೆಡ್‌ಲೈಟ್ ಸ್ವಿಚ್ ಎಳೆದರೆ ದೀಪ ಹತ್ತಿದರೆ ಹತ್ತಿತು, ಇಲ್ಲದಿದ್ದರೆ ಇಲ್ಲ. ಹತ್ತಿದ್ದು ಮುಂದಿನ ಗುಂಡಿಯವರೆಗೆ ಉರಿದರೆ ಅದೃಷ್ಟ.

ಇದಕ್ಕೆ ನಾವೊಂದು ಮದ್ದು ಕಂಡುಕೊಂಡಿದ್ದೆವು. ಡ್ಯಾಶ್‌ಬೋರ್ಡಿನಲ್ಲಿ ಸ್ವಿಚ್ಚಿನಿಂದ ಒಂದು ಗೇಣು ದೂರಕ್ಕೆ ಅಂಗೈಯಲ್ಲಿ ಒಂದು ಬಿಟ್ಟರೆ ಬೆಳಕು ಬರುತ್ತದೆ. ಸ್ವಲ್ಪ ಜೋರಾಗಿ ಬಿಟ್ಟರೆ ವೈಪರ್ ಕೂಡ ಶುರುವಾಗುತ್ತದೆ. ನನ್ನ ಎರಡೂ ಕೈ ಸ್ಟೀರಿಂಗ್ ಮೇಲಿರುವಾಗ ಈ ಕೆಲಸ ಹೆಂಡತಿಯದು. "ರೀ, ತಿರುವು ಬಂತು, ಹೊಡೀಲಾ?" ಅನ್ನುತ್ತಾಳೆ. "ಎರಡು ಹೊಡಿ" ಅನ್ನುತ್ತೇನೆ. ಒಮ್ಮೆ ಹಿಂದಿನ ಸೀಟಿನಲ್ಲಿ ನಿದ್ದೆಯಿಂದ ಎದ್ದ ನೆಂಟರೊಬ್ಬರು ಇಷ್ಟನ್ನೇ ಕೇಳಿಸಿಕೊಂಡು, ಏನೋ ಸಂಸಾರದ ವಿಷಯ ಇರಬೇಕು ಅಂದುಕೊಂಡು, ದಾರಿ ಮುಗಿಯುವವರೆಗೂ ಉಸಿರೆತ್ತಲಿಲ್ಲ.

ಕೊನೆಗೊಂದು ಭಾನುವಾರ ಸ್ವಿಚ್ ಬಿಚ್ಚಲು ಕೂತೆ. ಬ್ಯಾಟರಿಯ ನೆಗೆಟಿವ್ ಮೊದಲು ಕಳಚಬೇಕು ಅನ್ನುವುದು ಗೊತ್ತಿತ್ತು. ಎರಡೇ ನಿಮಿಷದ ಕೆಲಸ ಅಲ್ವಾ ಅಂತ ಬಿಟ್ಟೆ. ಸ್ಪ್ಯಾನರ್ ಹೋಗಿ ಎಲ್ಲೋ ತಾಗಿತು, ಚಟ್ ಅಂತ ನೀಲಿ ಕಿಡಿ ಹಾರಿತು, ಮೂಗಿನ ತುದಿಯಲ್ಲಿ ಸುಟ್ಟ ವಾಸನೆ. ಸುಟ್ಟಿದ್ದು ಸ್ಪ್ಯಾನರಿನ ಮೂಲೆ ಮಾತ್ರ, ಮೂಗಲ್ಲ. ಎದ್ದು ಹೋಗಿ ನೆಗೆಟಿವ್ ಕಳಚಿದೆ.

ಹಳೇ ಸ್ವಿಚ್ಚಿನ ಒಳಗೆ ಒಂದು ಪುಟ್ಟ ಸ್ಪ್ರಿಂಗು, ಅದರ ತಲೆಯ ಮೇಲೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಉಕ್ಕಿನ ಗುಂಡು ಇರುತ್ತದೆ. ಸ್ವಿಚ್ ಎಳೆದಾಗ ಟಿಕ್ ಅನ್ನುವುದು ಅದೇ. ಮುಚ್ಚಳ ತೆಗೆದ ಕೂಡಲೇ ಮೂವತ್ತು ವರ್ಷದ ಸೆರೆವಾಸ ಮುಗಿಯಿತು ಅಂತ ಎರಡೂ ಹಾರಿದವು. ಸ್ಪ್ರಿಂಗ್ ನನ್ನ ಅಂಗಿಯ ಜೇಬಿನಲ್ಲಿ ಸಿಕ್ಕಿತು. ಗುಂಡಿಗಾಗಿ ಸೀಟಿನ ಅಡಿ ತೆವಳಿದೆ. ಮೂರು ಪೆನ್ನಿನ ಮುಚ್ಚಳ, ಯಾರದೋ ಕೂದಲಿನ ಕ್ಲಿಪ್ಪು (ಹಿಂದಿನ ಮಾಲೀಕರ ಕಾಲದ್ದು ಅಂತ ಮನೆಯಲ್ಲಿ ಸಾಬೀತು ಮಾಡಲು ಅರ್ಧ ಗಂಟೆ ಹಿಡಿಯಿತು), ಕಡೆಗೆ ಗುಂಡು.

ಒಳಗಿನ ತಾಮ್ರದ ಪಟ್ಟಿ ಕರಿಬಣ್ಣಕ್ಕೆ ತಿರುಗಿ, ಮೇಲೆಲ್ಲ ಸಿಡುಬಿನ ಕಲೆಯ ಹಾಗೆ ತೂತು ತೂತು. ಸುತ್ತಲಿನ ಪ್ಲಾಸ್ಟಿಕ್ ಕರಗಿ ಮೇಣವಾಗಿತ್ತು. ಉಜ್ಜಿದೆ, ಹೊಳೆಯಿತು, ಜೋಡಿಸಿದೆ, ದೀಪ ಬಂತು. ಎರಡು ವಾರಕ್ಕೆ ಮತ್ತೆ ಅದೇ ಹೊಡೆತ. ಹೊಸ ಸ್ವಿಚ್ ಹಾಕಿದೆ. ಅರ್ಧ ಗಂಟೆ ದೀಪ ಉರಿಸಿ ಮುಟ್ಟಿದರೆ ಅದೂ ಬಿಸಿ.

ಆಗ ಕೂತು ಲೆಕ್ಕ ಹಾಕಿದೆ. ಹೈ ಬೀಮಿನಲ್ಲಿ 60 ವ್ಯಾಟಿನ ಎರಡು ಬಲ್ಬು, ಅಂದರೆ 120 ವ್ಯಾಟ್. 12 ವೋಲ್ಟಿನಲ್ಲಿ ಅದು 10 ಆಂಪಿಯರ್. ಹಿಂದಿನ ದೀಪ, ಪಾರ್ಕಿಂಗ್ ದೀಪ ಎಲ್ಲ ಅದರ ಮೇಲೆ. ಇಂಥ ಎಷ್ಟೋ ಹಳೇ ಗಾಡಿಗಳಲ್ಲಿ ಈ ಇಡೀ ಕರೆಂಟು ಡ್ಯಾಶ್‌ಬೋರ್ಡಿನ ಆ ಬಡಪಾಯಿ ಸ್ವಿಚ್ಚಿನ ಮೂಲಕವೇ ಹೋಗಬೇಕು. ಪಟ್ಟಿ ಸ್ವಲ್ಪ ಸವೆದು 0.1 ಓಮ್ ತಡೆ ಬಂದರೂ ಸಾಕು, 1 ವೋಲ್ಟು ಅಲ್ಲೇ ನುಂಗಿಹೋಗುತ್ತದೆ, 10 ವ್ಯಾಟ್ ಶಾಖ ಸ್ವಿಚ್ಚಿನ ಹೊಟ್ಟೆಯೊಳಗೆ. ಹತ್ತಿರ ಹತ್ತಿರ ಒಂದು ಚಿಕ್ಕ ಸಾಲ್ಡರಿಂಗ್ ಐರನ್ನನ್ನೇ ಡ್ಯಾಶ್‌ಬೋರ್ಡಿಗೆ ಚುಚ್ಚಿಟ್ಟ ಹಾಗೆ. ನಾವೋ, ಅದನ್ನು ಇಷ್ಟು ವರ್ಷ ಹೊಡೆದೆವು!

ಇದಕ್ಕೆ ರಿಲೇ ಹಾಕಬೇಕು. ರಿಲೇ ಅಂದರೆ ಯಜಮಾನನ ಬದಲು ಮೂಟೆ ಹೊರುವ ಆಳು. ಸ್ವಿಚ್ ಕಾಲು ಆಂಪಿಯರಿಗಿಂತ ಕಡಿಮೆ ಕರೆಂಟಿನಲ್ಲಿ "ಹೂಂ" ಅಂದರೆ ಸಾಕು, ಬ್ಯಾಟರಿಯಿಂದ ಬಲ್ಬಿಗೆ ದಪ್ಪ ವೈರಿನಲ್ಲಿ ಭಾರ ಸಾಗಿಸುವುದು ರಿಲೇ ಕೆಲಸ. ಅದರ ಕಾಲುಗಳಿಗೆ 30, 85, 86, 87 ಅಂತ ನಂಬರ್ ಇರುತ್ತವೆ. 30ಕ್ಕೆ ಫ್ಯೂಸಿನ ಮೂಲಕ ಬ್ಯಾಟರಿ, 87ರಿಂದ ಬಲ್ಬು, 85 ಮತ್ತು 86 ಸ್ವಿಚ್ಚಿನ "ಹೂಂ" ಕೇಳಿಸಿಕೊಳ್ಳುವ ಕಾಯಿಲ್. ಒಂದು, ಎರಡು, ಮೂರು, ನಾಲ್ಕು ಅಂತ ಇಟ್ಟಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತೋ.

ಹೊಸ ವೈರ್ ಎಳೆಯಬೇಕಾದರೆ ಹಳೇ ವೈರಿನ ಗಂಟು ಬಿಚ್ಚಬೇಕು. ಅದನ್ನು ಬಿಚ್ಚುವುದೆಂದರೆ ಉತ್ಖನನ. ಮೇಲೆ ಕಪ್ಪು ಟೇಪು, ಕೆಳಗೆ ಕೆಂಪು ಟೇಪು, ಅದರ ಕೆಳಗೆ ಬಿಸಿಲಿಗೆ ಕರಗಿ ಬೆಲ್ಲದ ಪಾಕದಂತಾದ ಇನ್ನೊಂದು ಟೇಪು. ಪ್ರತಿ ಮಾಲೀಕರದೂ ಒಂದೊಂದು ಪದರ. ಫ್ಯೂಸ್ ಬಾಕ್ಸಿನಲ್ಲಿ ಫ್ಯೂಸಿನ ಬದಲು ಮಡಿಸಿದ ಬೆಳ್ಳಿ ಕಾಗದ. ಫ್ಯೂಸ್ ಇರುವುದು ವೈರನ್ನು ಕಾಯಲಿಕ್ಕೆ. ಬೆಳ್ಳಿ ಕಾಗದ ಹಾಕಿದರೆ ವೈರೇ ಫ್ಯೂಸ್ ಆಗುತ್ತದೆ. ಮಧ್ಯೆ ಎಲ್ಲಿಗೂ ಹೋಗದ ಒಂದು ನೇರಳೆ ವೈರ್ ಇತ್ತು. ಬೇಡದ್ದು ಅಂತ ಕತ್ತರಿಸಿದೆ. ಹಾರ್ನ್ ಹೋಯಿತು. ಮತ್ತೆ ಸೇರಿಸಿದೆ.

ರಿಲೇ ಹಾಕಿ, ನೆಗೆಟಿವ್ ಸಿಕ್ಕಿಸಿ, ಸ್ವಿಚ್ ಎಳೆದೆ. ಟಕ್ ಅಂತು. ದೀಪ ಬಂತು, ಅದೇ ಹಳದಿ, ಅದೇ ಮಂಕು. ಲೋ ಬೀಮ್ ಹಾಕಿದರೂ ಡ್ಯಾಶ್‌ಬೋರ್ಡಿನ ಹೈ ಬೀಮ್ ದೀಪ ನೀಲಿಯಾಗಿ ಸಣ್ಣಗೆ ಮಿಣುಕುತ್ತಿತ್ತು. ಮೀಟರ್ ಹಿಡಿದರೆ ಪಾಸಿಟಿವ್ ಕಡೆ ವೋಲ್ಟೇಜು ಸರಿಯಾಗೇ ಇದೆ. ಏನೂ ಅರ್ಥ ಆಗಲಿಲ್ಲ.

ಅರ್ಥ ಆಗದೇ ಇದ್ದದ್ದು ಯಾಕೆಂದರೆ ಅರ್ತ್ ಆಗಿರಲಿಲ್ಲ. ಅರ್ತ್ ಅಂದರೆ ಬಲ್ಬಿನಿಂದ ಗಾಡಿಯ ಲೋಹದ ಮೈ ಮೂಲಕ ಬ್ಯಾಟರಿಯ ನೆಗೆಟಿವ್‌ಗೆ ಕರೆಂಟು ವಾಪಸ್ ಬರುವ ದಾರಿ. ಕರೆಂಟು ಹೋಗುವ ದಾರಿಯನ್ನು ಮೂರು ವಾರ ರಿಪೇರಿ ಮಾಡಿದ ನಾನು ವಾಪಸ್ ಬರುವ ದಾರಿಯನ್ನು ನೋಡಿಯೇ ಇರಲಿಲ್ಲ. ವಾಪಸ್ ದಾರಿ ಕಟ್ಟಿದ್ದರೆ ಕರೆಂಟು ಪಕ್ಕದ ಮನೆಯ ಹಿತ್ತಲಿನಿಂದ ನುಸುಳುತ್ತದೆ, ಅಂದರೆ ಹೈ ಬೀಮಿನ ಫಿಲಮೆಂಟಿನ ಮೂಲಕ. ಆ ನೀಲಿ ಮಿಣುಕು ಅದೇ. ದೀಪ ಉರಿಯುತ್ತಿರುವಾಗಲೇ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಹೆಡ್‌ಲೈಟಿನ ಅರ್ತ್ ವೈರಿಗೆ ಇಟ್ಟೆ. ಸೊನ್ನೆಯ ಹತ್ತಿರ ಬರಬೇಕಿತ್ತು. 2 ವೋಲ್ಟ್ ಬಂತು. ವೋಲ್ಟೇಜು ಹತ್ತು ಪರ್ಸೆಂಟ್ ಇಳಿದರೇ ಬೆಳಕು ಮೂವತ್ತು ಪರ್ಸೆಂಟ್ ಇಳಿಯುತ್ತದೆ. ಇನ್ನು 2 ವೋಲ್ಟ್ ಅಂದರೆ ಕೇಳಬೇಡಿ.

ವೈರ್ ಹಿಡಿದುಕೊಂಡು ಹೋದೆ. ಅದು ರೇಡಿಯೇಟರ್ ಪಕ್ಕ ಒಂದು ಬೋಲ್ಟಿಗೆ ಬಂದು ನಿಂತಿತು. ತಾಮ್ರಕ್ಕೆ ಹಸಿರು ಕಿಲುಬು. ಅದರ ಮೇಲೆ, ಬೋಲ್ಟನ್ನೂ ವಾಶರನ್ನೂ ಸೇರಿಸಿ, ನುಣ್ಣಗೆ ಎರಡು ಕೋಟ್ ಕಪ್ಪು ಪೇಂಟು. ಯಾವ ಪುಣ್ಯಾತ್ಮ ಬಳಿದನೋ ಅಂತ ಬಾಯಿಗೆ ಬಂದಂತೆ ಬೈದೆ. ಹೆಂಡತಿ ಹಿಂದೆ ನಿಂತಿದ್ದಳು. "ಹೋದ ವರ್ಷ ರಜದಲ್ಲಿ ತುಕ್ಕು ಹಿಡಿಯಬಾರದು ಅಂತ ಮೂರು ದಿನ ಕೂತು ನೀವೇ ಬಳಿದಿದ್ದಲ್ವಾ?" ಅಂದಳು.

ಪೇಂಟು ಕೆರೆದೆ, ಕಿಲುಬು ಉಜ್ಜಿದೆ, ಬಿಗಿ ಮಾಡಿ ಗ್ರೀಸ್ ಸವರಿದೆ. ಹತ್ತು ನಿಮಿಷ. ಸ್ವಿಚ್ ಎಳೆದರೆ ಬೆಳ್ಳಗೆ, ಕಣ್ಣು ಕುಕ್ಕುವ ಬೆಳಕು. ಆ ರಾತ್ರಿಯೇ ಒಂದು ಸುತ್ತು ಹೊರಟೆವು. ಬೆಳಕು ಜಾಸ್ತಿಯಾದ ಮೇಲೆ ಗೊತ್ತಾಯಿತು, ಎಡಗಡೆ ಲೈಟು ಮರದ ತುದಿ ನೋಡುತ್ತಿದೆ, ಬಲಗಡೆಯದು ಚರಂಡಿ. ನಡುವೆ ರಸ್ತೆ ಕತ್ತಲು.

"ಇದಕ್ಕೆ ಎಲ್ಲಿ ಹೊಡೀಬೇಕು ರೀ?" ಅಂದಳು.

ಕೋನ ಸರಿ ಮಾಡಲು ಪ್ರತಿ ಲೈಟಿಗೂ ಎರಡೆರಡು ಸ್ಕ್ರೂ ಇವೆ. ನಾಲ್ಕಕ್ಕೂ ನಾನು ಪೇಂಟ್ ಬಳಿದಿದ್ದೇನೆ.