ಡಿಸೆಂಬರ್ 8ರ ಹಬ್ಬದ ಕುರಿತ ಸಂದೇಶಕ್ಕೆ ಸ್ಪಷ್ಟನೆ

ಕಾರವಾರ, ಅಂಕೋಲಾ, ಹೊನ್ನಾವರ ಭಾಗದ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಹರಿದಾಡುತ್ತಿದೆ. ಡಿಸೆಂಬರ್ 8ರ ಅಮಲೋದ್ಭವ (ಅಂದರೆ ಪಾಪದ ಕಲೆಯಿಲ್ಲದೆ ಉದಿಸಿದ) ಮಾತೆಯ ಹಬ್ಬವು ಯೇಸುಸ್ವಾಮಿ ಮರಿಯಮ್ಮನವರ ಗರ್ಭದಲ್ಲಿ ಉದಿಸಿದ ದಿನವೆಂದೂ, 1854ರಲ್ಲಿ ಕಥೋಲಿಕ ಧರ್ಮಸಭೆ ಆಕೆಯನ್ನು ದೇವರಿಗೆ ಸಮಾನಳೆಂದು ಘೋಷಿಸಿತೆಂದೂ ಅದು ಹೇಳುತ್ತದೆ. ಎರಡೂ ತಪ್ಪು.

ಈ ಹಬ್ಬ ನೆನೆಯುವುದು ತಾಯಿ ಸಂತ ಅನ್ನಮ್ಮನವರ ಗರ್ಭದಲ್ಲಿ ಮರಿಯಮ್ಮನವರೇ ಉದಿಸಿದುದನ್ನು. 1854ರ ಡಿಸೆಂಬರ್ 8ರಂದು ಪೋಪ್ ಒಂಬತ್ತನೇ ಪಿಯುಸ್ ಅವರು ಸಾರಿದ ವಿಶ್ವಾಸಸತ್ಯವೆಂದರೆ, ಯೇಸುವಿನ ಪುಣ್ಯಫಲದಿಂದ, ದೇವರ ವಿಶೇಷ ಕೃಪೆಯಿಂದ, ಆಕೆ ಗರ್ಭದಲ್ಲಿ ಉದಿಸಿದ ಕ್ಷಣದಿಂದಲೇ ಜನ್ಮಪಾಪದಿಂದ, ಅಂದರೆ ಆದಿ ಮಾನವರಿಂದ ಎಲ್ಲರಿಗೂ ಬಂದ ಪಾಪದಿಂದ, ಮುಕ್ತಳಾಗಿದ್ದಳು ಎಂಬುದು. ಅಂದರೆ ಆಕೆಯೂ ರಕ್ಷಣೆ ಪಡೆದವಳೇ. ಸಮಾನತೆಯ ಮಾತು ಅಲ್ಲಿ ಇಲ್ಲವೇ ಇಲ್ಲ. ಪಂಚಾಂಗ ನೋಡಿದರೂ ಇದು ತಿಳಿಯುತ್ತದೆ: ನಮ್ಮ ಕರಾವಳಿಯಲ್ಲಿ ಹೊಸ ತೆನೆಯೊಂದಿಗೆ ಆಚರಿಸುವ ಮೊಂತಿ ಹಬ್ಬ, ಅಂದರೆ ಮರಿಯಮ್ಮನವರ ಜನ್ಮದಿನ, ಸರಿಯಾಗಿ ಒಂಬತ್ತು ತಿಂಗಳ ನಂತರ, ಸೆಪ್ಟೆಂಬರ್ 8ಕ್ಕೆ ಬರುತ್ತದೆ. ಯೇಸುವಿನ ಗರ್ಭಾಗಮನದ ಸ್ಮರಣೆ ಮಾರ್ಚ್ 25ರದು.

ಮನೆಮನೆಯಲ್ಲಿ ಸಂಜೆ ಹೇಳುವ ಜಪಸರದಲ್ಲಿಯೂ ನಾವು ಆಕೆಯನ್ನು ಕೇಳಿಕೊಳ್ಳುವುದು ನಮಗಾಗಿ ಪ್ರಾರ್ಥಿಸೆಂದು ಮಾತ್ರ. ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ಮುಗಿದಾಗ ಆಕೆ ಸೇವಕರಿಗೆ ಹೇಳಿದ್ದು, ಮಗ ಹೇಳಿದಂತೆ ಮಾಡಿರಿ ಎಂದು. ಮರಿಯ ಭಕ್ತಿಯ ತಿರುಳೇ ಇದು ಎಂದು ನಾನು ನಂಬಿದ್ದೇನೆ; ಪಕ್ಕದ ಮನೆಯ ಕೊರತೆಯನ್ನು ಮೊದಲು ಗಮನಿಸುವುದನ್ನೂ ಅಲ್ಲಿಂದಲೇ ಕಲಿಯಬೇಕು.

ದಯವಿಟ್ಟು ಆ ಸಂದೇಶವನ್ನು ಮುಂದೆ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ, ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ತಲುಪಿಸಿ.