ಬಾತುಕೋಳಿಗೆ ಒಂಬತ್ತು, ಪ್ರಾಸ್ಟೇಟಿಗೆ ಒಂದು

ಪ್ರತಿ ರೋಗಕ್ಕೂ ಗಾಯಕ್ಕೂ ಬಿಲ್ಲಿನಲ್ಲಿ ಬರೆಯಲು ಅಮೆರಿಕದ ಆಸ್ಪತ್ರೆಗಳ ಬಳಿ ಐಸಿಡಿ ಎಂಬ ಕೋಡ್ ಪುಸ್ತಕವಿದೆ. ಅದರಲ್ಲಿ ಬಾತುಕೋಳಿ ಕಚ್ಚಿದರೆ ಅದಕ್ಕೊಂದು ಕೋಡ್ ಇದೆ. ಕಚ್ಚದೆ ಸುಮ್ಮನೆ ಬಂದು ಗುದ್ದಿದರೆ ಬೇರೆ ಕೋಡ್. ಕಚ್ಚಲೂ ಇಲ್ಲ, ಗುದ್ದಲೂ ಇಲ್ಲ, ಆದರೂ ಬಾತುಕೋಳಿಯ ಸಹವಾಸದಿಂದ ಏನೋ ಆಯಿತು ಎಂದರೆ ಮೂರನೆಯದು. ಈ ಮೂರಕ್ಕೂ ಒಂದೊಂದು ಬಾಲ: ಗಾಯಕ್ಕೆ ಮದ್ದು ನಡೆಯುತ್ತಿದ್ದರೆ ‘ಎ’, ಮಾಯುತ್ತಿದ್ದರೆ ‘ಡಿ’, ಮಾಯ್ದ ಮೇಲೂ ಏನಾದರೂ ಉಳಿದುಕೊಂಡಿದ್ದರೆ ‘ಎಸ್’. ಮೂರ್ಮೂರ್ಲಿ ಒಂಬತ್ತು. ಈ ಬಾತುಸಂಸಾರದ ಮನೆ ನಂಬರು ಡಬ್ಲ್ಯೂ 61. ಅಕ್ಕಪಕ್ಕದಲ್ಲೇ ಗಿಳಿ, ಟರ್ಕಿ ಕೋಳಿ, ಹೆಬ್ಬಾತು ಎಲ್ಲ ವಾಸವಾಗಿವೆ.

ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿನ ಮನೆ ನಂಬರೂ ಅರವತ್ತೊಂದೇ. ಸಿ 61. ಮುಂದೆ ದಶಮಾಂಶವಿಲ್ಲ, ಬಾಲವಿಲ್ಲ, ಮಹಡಿಯಿಲ್ಲ. ಒಂದೇ ಕೋಣೆ.

ಆ ಕೋಣೆಯಲ್ಲಿ ಯಾರು ಯಾರಿದ್ದಾರೆ ನೋಡಿ. ಗ್ಲೀಸನ್ ಅಂಕ (ಕ್ಯಾನ್ಸರ್ ಎಷ್ಟು ಉಗ್ರ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿ ಕೊಡುವ ಅಂಕ; 6 ಅಂದರೆ ಸೌಮ್ಯ, 10 ಅಂದರೆ ಅತಿ ಉಗ್ರ) 6 ಬಂದಿರುವ ಒಬ್ಬರು. ಇದನ್ನು ಕ್ಯಾನ್ಸರ್ ಎಂದು ಕರೆಯುವುದೇ ಬೇಡ ಎಂದು ಕೆಲವು ವೈದ್ಯರೇ ವಾದಿಸುತ್ತಿದ್ದಾರೆ. ಕತ್ತರಿ ಹಾಕದೆ ಕಣ್ಣಿಟ್ಟಿರಿ ಎಂದು ಅವರನ್ನು ಮನೆಗೆ ಕಳಿಸಿದ್ದಾರೆ. ಪಕ್ಕದಲ್ಲೇ ಗ್ಲೀಸನ್ 10 ಬಂದವರು, ಮನೆಗೆ ಹೋಗುವ ಮಾತನ್ನು ಯಾರೂ ಅವರ ಹತ್ತಿರ ಎತ್ತಿಲ್ಲ. ಇಬ್ಬರಿಗೂ ಒಂದೇ ಸಿ 61. (ಅಂಕ, ಹಂತ ಎಲ್ಲ ಕ್ಯಾನ್ಸರ್ ನೋಂದಣಿಯ ಕಡತದಲ್ಲಿ ಇರುತ್ತವೆ, ನಿಜ. ಆದರೆ ಬಿಲ್ಲಿಗೆ ಅಂಟುವ ಕೋಡಿಗೆ ಅದರ ಸುಳಿವೇ ಇಲ್ಲ.) ಸ್ತನ ಕ್ಯಾನ್ಸರಿಗೆ ಎಡವೋ ಬಲವೋ, ಮೇಲೋ ಕೆಳಗೋ, ಹೆಣ್ಣೋ ಗಂಡೋ ಎಂದೆಲ್ಲ ಕೇಳುವ ಪುಸ್ತಕ, ಪ್ರಾಸ್ಟೇಟ್ ಎಂದ ಕೂಡಲೇ ಮುಖ ತಿರುಗಿಸಿ ‘ಸರಿ ಸರಿ, ಮುಂದೆ ಹೋಗಿ’ ಅನ್ನುತ್ತದೆ.

ಇದರ ಮೂಲಪುರುಷ ಜಾಕ್ ಬೆರ್ಟಿಯೋಂ ಎಂಬ ಫ್ರೆಂಚ್ ಸಂಖ್ಯಾಶಾಸ್ತ್ರಜ್ಞ. 1893ರಲ್ಲಿ ಆತ ಪಟ್ಟಿ ಮಾಡಿದ್ದು ಜನ ಯಾವುದರಿಂದ ಸತ್ತರು ಎಂದು ಎಣಿಸುವುದಕ್ಕೆ. ಈಗ ಅದೇ ವಂಶದ ಪಟ್ಟಿ ಬದುಕಿರುವವರ ಬಿಲ್ಲು ಎಣಿಸುತ್ತಿದೆ. 2015ರ ಅಕ್ಟೋಬರ್ 1ರಂದು ಅಮೆರಿಕ ಒಂಬತ್ತನೇ ಆವೃತ್ತಿಯಿಂದ ಹತ್ತಕ್ಕೆ ಹಾರಿದಾಗ ಸುಮಾರು 14,000 ಇದ್ದ ಕೋಡುಗಳು ಸುಮಾರು 70,000 ಆದವು. ಜೆಟ್ ಎಂಜಿನ್ನಿನೊಳಗೆ ಸೆಳೆದುಕೊಂಡು ಹೋದವನಿಗೂ ಕೋಡ್ ಸಿಕ್ಕಿತು, ಅವನಿಗೂ ‘ಮರುಭೇಟಿ’ಯ ಬಾಲದ ಸಮೇತ, ಆಶಾವಾದ ಅಂದರೆ ಇದು. ಪ್ರಾಸ್ಟೇಟ್ ಕ್ಯಾನ್ಸರ್ ಹಿಂದೆ 185 ಆಗಿತ್ತು, ಸಿ 61 ಆಯಿತು. ಬೋರ್ಡು ಬದಲಾಯಿತು, ಅಷ್ಟೇ.

ಇನ್ನು ಸಂಶಯದ ಪ್ರಕರಣ. ಒಬ್ಬರ ರಕ್ತದಲ್ಲಿ ಪಿಎಸ್‌ಎ, ಅಂದರೆ ಪ್ರಾಸ್ಟೇಟ್ ಗ್ರಂಥಿಯಿಂದ ಬರುವ ಪ್ರೋಟೀನ್, ಏರಿದೆ. ‘ಪ್ರಾಸ್ಟೇಟ್ ಕ್ಯಾನ್ಸರ್ ಇರಬಹುದು’ ಎಂದು ವೈದ್ಯರು ಬರೆಯುತ್ತಾರೆ. ಹೊರರೋಗಿ ವಿಭಾಗದಲ್ಲಿ ‘ಇರಬಹುದು’ಗೆ ಬೆಲೆಯಿಲ್ಲ. ನಿಯಮದ ಪ್ರಕಾರ ಅಲ್ಲಿ ಗೊತ್ತಿರುವ ಲಕ್ಷಣವನ್ನಷ್ಟೇ ಬರೆಯಬೇಕು: ಪಿಎಸ್‌ಎ ಏರಿಕೆ, ಆರ್ 97.20. ಇದೇ ಮಾತನ್ನು ಆಸ್ಪತ್ರೆಯಲ್ಲಿ ದಾಖಲಾಗಿದ್ದವರ ಡಿಸ್ಚಾರ್ಜ್ ಪತ್ರದಲ್ಲಿ ಬರೆದರೆ, ರೋಗ ಇದೆ ಎಂದೇ ತಿಳಿದು ಕೋಡ್ ಹಾಕಬೇಕು. ಒಂದೇ ಗಂಡಸು, ಒಂದೇ ಗ್ರಂಥಿ, ಒಂದೇ ‘ಇರಬಹುದು’. ಮಂಚ ಸಿಕ್ಕವನಿಗೆ ಕ್ಯಾನ್ಸರ್, ಬೆಂಚು ಸಿಕ್ಕವನಿಗೆ ಬರೀ ಏರಿಕೆ.

ಅಂಗಾಂಶ ಪರೀಕ್ಷೆಯ ಪ್ಯಾಥಾಲಜಿ ವರದಿ ಬಂದ ಮೇಲಾದರೂ ಲೆಕ್ಕ ಸರಿಹೋಗುತ್ತದೆ ಅಂದುಕೊಂಡಿರಾ? ತಲೆಕೆಳಗಾಗುತ್ತದೆ. ಬೆಂಚಿನವನ ಬಯಾಪ್ಸಿಯಲ್ಲಿ ಕ್ಯಾನ್ಸರ್ ಕಂಡಿತೆಂದು ಪ್ಯಾಥಾಲಜಿಸ್ಟ್ ಬರೆದರೆ ಅಷ್ಟರಿಂದಲೇ ಸಿ 61 ಹಾಕಬಹುದು, ಅವರೂ ವೈದ್ಯರೇ ತಾನೆ. ಮಂಚದವನ ವಿಷಯದಲ್ಲಿ ಅದೇ ಪ್ಯಾಥಾಲಜಿಸ್ಟ್ ಅದೇ ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದದ್ದು ಸಾಲದು. ಚಿಕಿತ್ಸೆ ಕೊಡುತ್ತಿರುವ ವೈದ್ಯರು ತಮ್ಮ ಬಾಯಿಂದ ಹೌದು ಅನ್ನಬೇಕು. ದೇವರು ವರ ಕೊಟ್ಟಾಯಿತು, ಪೂಜಾರಿ ರೌಂಡ್ಸಿಗೆ ಹೋಗಿದ್ದಾರೆ. ಒಟ್ಟಿನಲ್ಲಿ ಮಂಚದ ಮೇಲೆ ಊಹೆ ನಡೆಯುತ್ತದೆ, ಕಣ್ಣಾರೆ ಕಂಡದ್ದು ನಡೆಯುವುದಿಲ್ಲ.

ಈ ಶಾಸ್ತ್ರದ ನಿಜವಾದ ಸೊಗಸು ಮಾತ್ರ ವ್ಯಾಕರಣದಲ್ಲಿದೆ. ಗ್ರಂಥಿಯನ್ನು ಕತ್ತರಿಸಿ ತೆಗೆದಾಯಿತು, ರೋಗದ ಕುರುಹಿಲ್ಲ, ಚಿಕಿತ್ಸೆ ಮುಗಿಯಿತು ಎಂದರೆ ಸಿ 61 ಹೋಗಿ ಝಡ್ 85.46 ಬರುತ್ತದೆ. ಅಂದರೆ ‘ಇತ್ತು’. ಗ್ರಂಥಿ ತೆಗೆದರೂ ಅದೇ ಕ್ಯಾನ್ಸರಿಗಾಗಿ ಹಾರ್ಮೋನ್ ಇಂಜೆಕ್ಷನ್ ಮುಂದುವರಿದಿದ್ದರೆ ‘ಇದೆ’. ಅಂಗ ಬಕೆಟ್ಟಿಗೆ ಬಿದ್ದು ವರ್ಷವಾಗಿರಬಹುದು, ಅದರ ಕ್ಯಾನ್ಸರ್ ವರ್ತಮಾನಕಾಲದಲ್ಲೇ ಇದೆ. ಇತ್ತ ವೈದ್ಯರಿಗೆ ಎಲ್ಲದಕ್ಕೂ ‘ಹಿಸ್ಟರಿ ಆಫ್ ಪ್ರಾಸ್ಟೇಟ್ ಕ್ಯಾನ್ಸರ್’ ಎಂದು ಬರೆಯುವ ಚಟ. ಅವರ ಅರ್ಥದಲ್ಲಿ ‘ಮೊದಲಿಂದಲೂ ಇದೆ’, ಅದನ್ನು ಕೋಡಿಗಿಳಿಸುವ ಕೋಡರ್ ಓದಿನಲ್ಲಿ ‘ಮುಗಿದುಹೋಗಿದೆ’. ಆ ಒಂದು ಪದದಲ್ಲಿ ರೋಗಿ ಗುಣವಾಗಿಬಿಡುತ್ತಾನೆ. ಸುದ್ದಿ ಅವನಿಗೆ ಮಾತ್ರ ತಲುಪಿರುವುದಿಲ್ಲ.

ಗ್ರಂಥಿ ಹೋಗಿ ಕೆಲವು ವರ್ಷಗಳಾದ ಮೇಲೆ ಕ್ಯಾನ್ಸರ್ ಮೂಳೆಯಲ್ಲಿ ತಲೆಯೆತ್ತಿತು ಅನ್ನಿ. ಆಗ ಮೂಳೆಗೆ ಸಿ 79.51, ಪ್ರಾಸ್ಟೇಟಿಗೆ ಮತ್ತದೇ ಝಡ್ 85.46. ಕಾಗದದ ಮೇಲೆ ಪ್ರಾಸ್ಟೇಟ್ ಕ್ಯಾನ್ಸರ್ ಭೂತಕಾಲ. ಕನ್ನಡದಲ್ಲಿ ಈ ಪದಕ್ಕಿರುವ ಇನ್ನೊಂದು ಅರ್ಥ ಆ ಕೋಡ್ ಪುಸ್ತಕ ಬರೆದವರಿಗೆ ಗೊತ್ತಿರಲಾರದು: ಸತ್ತದ್ದೆಂದು ಬರೆದು ಮುಗಿಸಿದ್ದು ಬೆನ್ನುಮೂಳೆಯಲ್ಲಿ ಕೂತು ಕಾಡುತ್ತಿದೆ.

ಬೆನ್ನುಮೂಳೆ ಅಂದೆನೇ? ಅದು ನಾನು ಹೇಳಿದ್ದು. ಸಿ 79.51 ಯಾವ ಮೂಳೆ ಎಂದು ಕೇಳುವುದಿಲ್ಲ. ತೊಡೆಯೋ, ಪಕ್ಕೆಲುಬೋ, ಬೆನ್ನೋ, ಮೂಳೆ ಅಂದರೆ ಮೂಳೆ. ಆದರೆ ಈ ಮನುಷ್ಯ ಕೆರೆಯ ದಂಡೆಯಲ್ಲಿ ಬೆಂಚಿನ ಮೇಲೆ ಕೂತಿದ್ದಾಗ ಬಾತುಕೋಳಿಯೊಂದು ಬಂದು ಬೆರಳು ಕಚ್ಚಿತೆನ್ನಿ, ಡಬ್ಲ್ಯೂ 61ರ ಜತೆಗೆ ಗಾಯಕ್ಕೂ ಕೋಡ್ ಬೇಕು. ಅದು ಎಸ್ 61, ಇದೂ ಅರವತ್ತೊಂದೇ. ಕೋಡರ್ ಪಟ್ಟು ಬಿಡದೆ ವೈದ್ಯರಿಗೆ ಪತ್ರ ಬರೆಯುತ್ತಾರೆ: ಬಲಗೈಯೋ ಎಡಗೈಯೋ, ಉಂಗುರ ಬೆರಳೋ ಕಿರುಬೆರಳೋ, ಮತ್ತು ದಯವಿಟ್ಟು ಸ್ಪಷ್ಟಪಡಿಸಿ, ಉಗುರಿಗೆ ಪೆಟ್ಟಾಗಿದೆಯೋ ಇಲ್ಲವೋ?