ಪ್ಲಾಸ್ಟರಿಗೊಂದು ನೈಸ್

ಅಟ್ಟದ ಮೇಲಿನ ಹಿತ್ತಾಳೆ ಕೊಳಗ ಇಳಿಸಲು ಹೋಗಿ ಮೊನ್ನೆ ಸ್ಟೂಲಿನಿಂದ ಬಿದ್ದೆ. ಸ್ಟೂಲು ಬಿರುಕು ಬಿಟ್ಟಿರುವುದು ಗೊತ್ತಿತ್ತು, ಆದರೂ ಹತ್ತಿದ್ದೆ. ಮಂಡಿಯವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದು, ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಫೋಟೊ ಕಳುಹಿಸಿದೆ. ಅರ್ಧ ನಿಮಿಷದಲ್ಲಿ ಚಿಕ್ಕಪ್ಪನ ಉತ್ತರ ಬಂತು: 'ನೈಸ್.'

ಚಿಕ್ಕಪ್ಪನಿಗೆ ಇರುವುದು ಅದೊಂದೇ ಪದ. ಮೊಮ್ಮಗಳ ಹುಟ್ಟುಹಬ್ಬಕ್ಕೆ ನೈಸ್, ಧರ್ಮಸ್ಥಳದ ಫೋಟೊಗೆ ನೈಸ್. ಅತ್ತೆಯ ಮನೆಯೊಳಗೆ ಮಳೆನೀರು ನುಗ್ಗಿ ಅಕ್ಕಿ ಡಬ್ಬ ತೇಲುತ್ತಿದ್ದ ವಿಡಿಯೊಗೂ ನೈಸ್. ಊರಿನ ಪುರೋಹಿತರು ತೀರಿಕೊಂಡ ಸುದ್ದಿ ಬಂದ ದಿನ ನಾವೆಲ್ಲ ಉಸಿರು ಬಿಗಿಹಿಡಿದು ಕಾದೆವು. ಚಿಕ್ಕಪ್ಪ ಟೈಪ್ ಮಾಡುತ್ತಿರುವುದು ಕಾಣುತ್ತಿತ್ತು. ಕೈಮುಗಿದ ಚಿತ್ರ ಬಂತು. ಸದ್ಯ, ಮರ್ಯಾದೆ ಉಳಿಯಿತು ಎನ್ನುವಷ್ಟರಲ್ಲಿ ಅದರ ಕೆಳಗೆ: 'ನೈಸ್ ಮ್ಯಾನ್.'

ಕಾಲು ಮುರಿದವರಿಗೆ ಹೊತ್ತು ಹೋಗುವುದಿಲ್ಲ. ನಿಘಂಟು ಬಿಡಿಸಿದೆ. ಮೂಲ ಲ್ಯಾಟಿನ್ನಿನ 'ನೆಸ್ಕಿಯುಸ್'. 'ನೆ' ಎಂದರೆ ಇಲ್ಲ, 'ಸ್ಕಿರೆ' ಎಂದರೆ ತಿಳಿಯುವುದು. ಅಂದರೆ ಏನೂ ತಿಳಿಯದವನು. ಹಳೆಯ ಫ್ರೆಂಚಿನ ಮೂಲಕ 1300ರ ಸುಮಾರಿಗೆ ಇಂಗ್ಲಿಷಿಗೆ ಬಂದಾಗ ನೈಸ್ ಎಂದರೆ ಪೆದ್ದ! ಆಮೇಲೆ ಸಂಕೋಚದವನು, ಎಲ್ಲದಕ್ಕೂ ಮೂಗು ಮುರಿಯುವವನು, ನವಿರು, ಕರಾರುವಾಕ್ಕು ಎಂದೆಲ್ಲ ವೇಷ ಬದಲಿಸಿ, 18ನೆಯ ಶತಮಾನದಲ್ಲಿ 'ಚೆನ್ನಾಗಿದೆ' ಆಯಿತು. (ನಮ್ಮ 'ಮುಗ್ಧ'ನೂ ಸಂಸ್ಕೃತದಲ್ಲಿ ಮೊದಲು ಮಂಕನೇ.) ಬಿರುಕು ಬಿಟ್ಟ ಸ್ಟೂಲು ಹತ್ತಿದವರಿಗೆ 1300ರ ನೈಸ್ ಅಳತೆ ಕೊಟ್ಟು ಹೊಲಿಸಿದಂತಿದೆ. ಚಿಕ್ಕಪ್ಪ ಹೇಳಿದ್ದೇ ಸರಿ ಎಂದಾಗಿ ನನಗೆ ಇನ್ನಷ್ಟು ಉರಿಯಿತು.

ಅಜ್ಜಿಗೂ ಈ ಪದ ಗೊತ್ತಿತ್ತು. ಒರಳಿನ ಮುಂದೆ ಕುಳಿತು, ದೋಸೆಹಿಟ್ಟನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿ, "ಇನ್ನೂ ನೈಸಾಗಬೇಕು" ಎನ್ನುತ್ತಿದ್ದರು. ಒಂದೇ ಒಂದು ತರಿ ಸಿಕ್ಕಿದರೂ ಗುಂಡುಕಲ್ಲು ಮತ್ತೆ ತಿರುಗುತ್ತಿತ್ತು. ಅವರ ಬಾಯಿಂದ ಒಂದು ನೈಸ್ ಹೊರಡಬೇಕಾದರೆ ನಮ್ಮ ರಟ್ಟೆ ಸೋಲಬೇಕಿತ್ತು. ಆ ಒರಳು ಈಗ ಹಿತ್ತಲಲ್ಲಿ ಮಳೆನೀರು ತುಂಬಿಕೊಂಡು ಕುಳಿತಿದೆ.

ಭಾನುವಾರ ಚಿಕ್ಕಪ್ಪ ಬ್ರೆಡ್ಡು, ಬಾಳೆಹಣ್ಣು ಹಿಡಿದು ನೋಡಲು ಬಂದರು. ಪ್ಲಾಸ್ಟರನ್ನು ಬೆರಳಿನಿಂದ ತಟ್ಟಿ ನೋಡಿದರು. ನಾನು ಕಾದೆ. ಏನೂ ಹೇಳಲಿಲ್ಲ. ಅಂಗಡಿಯಿಂದ ತಂದ ಹಿಟ್ಟಿನಲ್ಲಿ ದೋಸೆ ಹಾಕಿ ಕೊಟ್ಟರು ನಮ್ಮ ಮನೆಯವರು. ಚಿಕ್ಕಪ್ಪ ಒಂದು ತುಂಡು ಬಾಯಿಗಿಟ್ಟುಕೊಂಡು, ಹುಬ್ಬು ಗಂಟಿಕ್ಕಿ ನನ್ನನ್ನೇ ನೋಡಿದರು.

"ಹಿಟ್ಟು ನೈಸಾಗಿಲ್ಲ."